ಊರು ಕಟ್ಟಿದ ಹಿರಿಯರು: ಮೈಸೂರು ಸೀಮೆಯ ಮೂರು ಬದುಕುಗಳು

ಮೈಸೂರು ನಗರವನ್ನು ಹಿಂದೆ ಏಳು ಮೊಹಲ್ಲಾಗಳಾಗಿ ವಿಂಗಡಿಸಲಾಗಿತ್ತು. ಕೋಟೆ, ಲಷ್ಕರ್, ದೇವರಾಜ, ಕೃಷ್ಣರಾಜ, ಚಾಮರಾಜ, ಮಂಡಿ ಮತ್ತು ನಜರ್‌ಬಾದ್. ‘ಮೊಹಲ್ಲಾ’ ಎಂಬುದು ಅರಬಿ ಮೂಲದ ಪದ. ‘ಲಷ್ಕರ್’ ಎಂದರೆ ಫಾರಸಿಯಲ್ಲಿ ಸೈನ್ಯ. ನಜರ್‌ಬಾದ್ ಟಿಪ್ಪು ಸುಲ್ತಾನರ ಕಾಲದಲ್ಲಿ ಹುಟ್ಟಿದ ಹೆಸರು. ದೇವರಾಜ ಮೊಹಲ್ಲಾ ಎನ್ನುವಾಗ ಒಡೆಯರ ಮನೆತನದ ಹೆಸರೊಂದು ಅರಬಿ ಪದದೊಡನೆ ಸೇರಿಕೊಂಡಿದೆ. ಆ ಎರಡರ ನಡುವಿನ ಹೊಲಿಗೆ ಇಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಊರೊಂದು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕಿಲ್ಲ.

ಆದರೆ ಹೆಸರುಗಳು ಉಳಿದಷ್ಟು ಸುಲಭವಾಗಿ ಅವುಗಳ ಹಿಂದಿನ ಬದುಕುಗಳು ಉಳಿಯುವುದಿಲ್ಲ. 2025ರಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಲೇಖಕಿ ಬಾನು ಮುಷ್ತಾಕ್ ಅವರನ್ನು ಸರಕಾರ ಆಹ್ವಾನಿಸಿದಾಗ ಅದನ್ನು ಪ್ರಶ್ನಿಸಿ ಕೆಲವರು ಹೈಕೋರ್ಟಿನ ಮತ್ತು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಎರಡೂ ನ್ಯಾಯಾಲಯಗಳು ಆ ಅರ್ಜಿಗಳನ್ನು ತಳ್ಳಿಹಾಕಿದವು, ಉದ್ಘಾಟನೆಯೂ ನಡೆಯಿತು. ಎಂಟು ವರ್ಷಗಳ ಹಿಂದೆ, 2017ರಲ್ಲಿ, ಕವಿ ಕೆ.ಎಸ್. ನಿಸಾರ್ ಅಹಮದ್ ಅವರು ಅದೇ ಹಬ್ಬವನ್ನು ಉದ್ಘಾಟಿಸಿದ್ದರು. ನ್ಯಾಯಾಲಯದ ತೀರ್ಪು ಪ್ರಕರಣವನ್ನು ಮುಗಿಸಬಹುದು. ಆದರೆ ನಮ್ಮ ಮಕ್ಕಳ ಮನಸ್ಸಿನಲ್ಲಿ ಏಳುವ ‘ಈ ಊರು ನಮ್ಮದೂ ಹೌದೇ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನ್ಯಾಯಮೂರ್ತಿಗಳಲ್ಲ, ಮನೆಯ ಹಿರಿಯರು. ಆ ಉತ್ತರಕ್ಕೆ ಚರಿತ್ರೆಯ ಅರಿವು ಬೇಕು.

ಮೊದಲು ನಮ್ಮ ಧರ್ಮ ಏನು ಕಲಿಸಿದೆ ಎಂಬುದನ್ನು ನೆನೆಯೋಣ. ಪ್ರವಾದಿ ಮುಹಮ್ಮದ್(ಸ) ಅವರು ಮದೀನಕ್ಕೆ ಬಂದದ್ದು ವಲಸಿಗರಾಗಿ. ಆದರೆ ಅವರು ಅಲ್ಲಿ ಅತಿಥಿಯಂತೆ ಬದುಕಲಿಲ್ಲ. ಮಸೀದಿ ಕಟ್ಟುವಾಗ ಸ್ವತಃ ಇಟ್ಟಿಗೆ ಹೊತ್ತರು. ಮಾರುಕಟ್ಟೆಗೆ ಜಾಗ ಗೊತ್ತುಪಡಿಸಿದರು. ಊರಿನ ಬೇರೆ ಬೇರೆ ಕುಲಗಳ, ಬೇರೆ ಧರ್ಮದವರ ನಡುವೆ ಒಪ್ಪಂದವೊಂದನ್ನು ಏರ್ಪಡಿಸಿದರು. ಅಲ್ಲಿ ಕುಡಿಯುವ ನೀರಿಗೆ ತೊಂದರೆಯಾದಾಗ ಹಝ್ರತ್ ಉಸ್ಮಾನ್(ರ) ಅವರು ರೂಮಾ ಎಂಬ ಬಾವಿಯನ್ನು ಸ್ವಂತ ಹಣದಿಂದ ಕೊಂಡು ಎಲ್ಲರಿಗೂ ಮುಕ್ತಗೊಳಿಸಿದರು. ಅಲ್ಲಾಹನು ಮನುಷ್ಯನನ್ನು ಭೂಮಿಯಿಂದ ಉಂಟುಮಾಡಿ ಅದನ್ನು ನೆಲೆಯೂರಿಸುವ ಹೊಣೆಯನ್ನೂ ಅವನಿಗೆ ಒಪ್ಪಿಸಿದ್ದಾನೆ ಎಂಬುದು ಪವಿತ್ರ ಕುರ್‌ಆನಿನ ಬೋಧನೆ. ದಾರಿಯ ಮೇಲಿನ ಮುಳ್ಳನ್ನು ತೆಗೆಯುವುದು ಸಹ ಈಮಾನಿನ ಒಂದು ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿದರು. ಹೀಗಿರುವಾಗ ಊರು ಕಟ್ಟುವುದು ನಮಗೆ ಲೌಕಿಕ ವ್ಯವಹಾರ ಮಾತ್ರವಲ್ಲ; ಅದು ಇಬಾದತ್ತಿನ ಭಾಗ.

ಈ ಬೆಳಕಿನಲ್ಲಿ ಹಳೆಯ ಮೈಸೂರು ಸಂಸ್ಥಾನದ ಮೂವರು ಹಿರಿಯರ ಬದುಕನ್ನು ನೋಡೋಣ.

ಮೊದಲನೆಯವರು ಆಗಾ ಅಲಿ ಅಸ್ಕರ್. ಇರಾನಿನ ಶಿರಾಜ್ ನಗರದಲ್ಲಿ 1808ರಲ್ಲಿ ಹುಟ್ಟಿದ ಇವರು 1824ರಲ್ಲಿ, ಹದಿನಾರರ ಹರೆಯದಲ್ಲಿ, ಕುದುರೆ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದರು. ಆಗ ದಂಡು ಪ್ರದೇಶ ಇನ್ನೂ ಬೆಳೆಯುತ್ತಿತ್ತು. ಸೈನ್ಯಕ್ಕೂ ಅರಮನೆಯ ಲಾಯಕ್ಕೂ ಒಳ್ಳೆಯ ತಳಿಯ ಕುದುರೆಗಳು ಬೇಕಾಗಿದ್ದವು. ಕುದುರೆಯ ವ್ಯಾಪಾರದಲ್ಲಿ ಮಾತಿನ ನಂಬಿಕೆಯೇ ದೊಡ್ಡ ಬಂಡವಾಳ. ಕೊಳ್ಳುವವನಿಗೆ ಪ್ರಾಣಿಯ ಒಳಗಿನ ದೋಷ ಕಾಣುವುದಿಲ್ಲ. ಮಾರುವವನ ಪ್ರಾಮಾಣಿಕತೆಯನ್ನೇ ಅವನು ನೆಚ್ಚಬೇಕು. ಅಲಿ ಅಸ್ಕರ್ ಆ ನಂಬಿಕೆಯನ್ನು ಗಳಿಸಿದರು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಸ್ನೇಹ ಇವರಿಗೆ ದೊರಕಿತು. ವ್ಯಾಪಾರದಲ್ಲಿ ಗಳಿಸಿದ ಹಣವನ್ನು ಇವರು ಕಟ್ಟಡಗಳಲ್ಲಿ ತೊಡಗಿಸಿದರು. ದಂಡು ಪ್ರದೇಶದ ಎಷ್ಟೋ ಬಂಗಲೆಗಳು ಇವರ ಕೈಯಿಂದ ಎದ್ದವು. ಶಿರಾಜಿಗೆ ಮರಳದೆ ಇಲ್ಲಿಯೇ ಸಂಸಾರ ಹೂಡಿದ ಅವರು 1891ರಲ್ಲಿ ತೀರಿಕೊಂಡರು. ಇಂದಿಗೂ ಬೆಂಗಳೂರಿನಲ್ಲಿ ಅಲಿ ಅಸ್ಕರ್ ರಸ್ತೆ ಇದೆ. ದಿನನಿತ್ಯ ಅಲ್ಲಿ ಓಡಾಡುವವರಲ್ಲಿ ಎಷ್ಟು ಜನರಿಗೆ ಕುದುರೆಗಳೊಂದಿಗೆ ಬಂದ ಆ ಹುಡುಗನ ನೆನಪಿದೆ?

ಎರಡನೆಯವರು ಹಾಜಿ ಸರ್ ಇಸ್ಮಾಯಿಲ್ ಸೇಠ್. 1859ರಲ್ಲಿ ಹುಟ್ಟಿದ ಇವರು ಕಚ್ಛಿ ಮೇಮನ್ ಸಮುದಾಯದವರು. ಬೆಂಗಳೂರಿನ ಪ್ರಸಿದ್ಧ ವರ್ತಕರು. ವರ್ತಕರು ಎಲ್ಲ ಊರುಗಳಲ್ಲೂ ಇರುತ್ತಾರೆ. ಆದರೆ ತಮ್ಮ ಸಂಪತ್ತು ಯಾರ ಕಷ್ಟಕ್ಕೆ ಆಗಬೇಕು ಎಂದು ಕೇಳಿಕೊಳ್ಳುವವರು ವಿರಳ. ಆ ಕಾಲದಲ್ಲಿ ಪರದೆಯ ಪದ್ಧತಿಯಲ್ಲಿದ್ದ ಹೆಂಗಸರು ಸಾಮಾನ್ಯ ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಿದ್ದರು. ಹೆರಿಗೆಯ ನೋವಿನಲ್ಲಿ ಮನೆಯೊಳಗೇ ಪ್ರಾಣ ಬಿಡುವ ಸಂದರ್ಭಗಳಿದ್ದವು. ಅಂಥವರಿಗೆ ಉಪದೇಶ ಕೊಟ್ಟು ಸುಮ್ಮನಾಗಬಹುದಿತ್ತು, ಇಲ್ಲವೇ ಅವರನ್ನು ಹಳಿಯಬಹುದಿತ್ತು. ಸೇಠ್ ಅವರು ಎರಡನ್ನೂ ಮಾಡದೆ, ಆ ಹೆಂಗಸರು ಸಂಕೋಚವಿಲ್ಲದೆ ಬರಬಹುದಾದ ಆಸ್ಪತ್ರೆಯನ್ನೇ ಕಟ್ಟಿಸಿದರು. ‘ಗೋಷಾ’ ಎಂದರೆ ಪರದೆ. ಶಿವಾಜಿನಗರದ ಘೋಷಾ ಆಸ್ಪತ್ರೆ ಇಂದು ಸರಕಾರಿ ಆಸ್ಪತ್ರೆಯಾಗಿ, ದಾನಿಯ ಹೆಸರನ್ನು ಹೊತ್ತು, ಎಲ್ಲ ಜಾತಿ ಧರ್ಮಗಳ ಬಡ ತಾಯಂದಿರ ಹೆರಿಗೆಗೆ ಆಸರೆಯಾಗಿದೆ. ಫ್ರೇಜರ್ ಟೌನಿನಲ್ಲಿ ಅವರ ಹೆಸರಿನ ಮಸೀದಿಯಿದೆ. ಅದರಿಂದಲೇ ಅಲ್ಲಿನ ಬೀದಿಗೆ ಮಾಸ್ಕ್ ರಸ್ತೆ ಎಂಬ ಹೆಸರು ಬಂದಿದೆ. 1933ರಲ್ಲಿ ರಸೆಲ್ ಮಾರುಕಟ್ಟೆಯನ್ನು ಉದ್ಘಾಟಿಸಿದವರೂ ಇವರೇ. ಮರುವರ್ಷ, 1934ರಲ್ಲಿ, ಅವರು ಇಹಲೋಕ ತ್ಯಜಿಸಿದರು. ಸದಕಾ ಜಾರಿಯಾ, ಅಂದರೆ ಕೊಟ್ಟವರು ಹೋದ ಮೇಲೂ ಹರಿಯುತ್ತಿರುವ ದಾನ, ಎಂಬ ಮಾತಿನ ಅರ್ಥ ತಿಳಿಯಬೇಕಾದರೆ ಆ ಆಸ್ಪತ್ರೆಯ ಬಾಗಿಲಲ್ಲಿ ಒಂದು ಗಂಟೆ ನಿಂತರೆ ಸಾಕು.

ಮೂರನೆಯವರು ಮೊದಲನೆಯವರ ಮೊಮ್ಮಗ, ಸರ್ ಮಿರ್ಜಾ ಇಸ್ಮಾಯಿಲ್. 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದ ಇವರು ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಓದಿದರು. ಅವರಿಬ್ಬರಿಗೂ ಗುರುವಾಗಿದ್ದ ಸ್ಟುವರ್ಟ್ ಫ್ರೇಜರ್ ಅವರ ಹೆಸರನ್ನೇ ಮುಂದೆ ಫ್ರೇಜರ್ ಟೌನಿಗೆ ಇಡಲಾಯಿತು. ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿದ್ದ ಮಿರ್ಜಾ ಅವರು 1926ರಲ್ಲಿ ಸಂಸ್ಥಾನದ ದಿವಾನರಾದರು ಮತ್ತು 1941ರವರೆಗೆ ಆ ಹುದ್ದೆಯಲ್ಲಿದ್ದರು. ಹಿಂದೂ ಅರಸರೊಬ್ಬರು ತಮ್ಮ ರಾಜ್ಯದ ಆಡಳಿತದ ಬೀಗದ ಕೈಯನ್ನು ಮುಸ್ಲಿಮ್ ಗೆಳೆಯನ ಕೈಗಿತ್ತರು. ಆ ಗೆಳೆಯ ಅದನ್ನು ಅಮಾನತ್ ಎಂದು ಭಾವಿಸಿ ನಡೆಸಿದರು.

ಹೂಟಗಳ್ಳಿಯಲ್ಲಿರುವ ನಮಗೆ ಮಿರ್ಜಾ ಅವರ ಕೆಲಸ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮಿಂದ ಅನತಿ ದೂರದಲ್ಲಿರುವ ಕನ್ನಂಬಾಡಿ ಅಣೆಕಟ್ಟೆಯ ಕಾಮಗಾರಿ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1911ರಲ್ಲಿ, ಆರಂಭವಾಯಿತು. ಅದರ ಬುಡದಲ್ಲಿ ಬೃಂದಾವನ ಉದ್ಯಾನ ಅರಳಿದ್ದು ಮಿರ್ಜಾ ಅವರ ದಿವಾನಗಿರಿಯಲ್ಲಿ. 1927ರಲ್ಲಿ ಕೆಲಸ ಆರಂಭವಾಗಿ 1932ರಲ್ಲಿ ಮುಗಿಯಿತು. ಕಾಶ್ಮೀರದ ಶಾಲಿಮಾರ್ ಉದ್ಯಾನದ ಮೇಲ್ಪಂಕ್ತಿ ಅದಕ್ಕಿತ್ತು. ವಿನ್ಯಾಸದಲ್ಲಿ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರ ಕೈವಾಡವಿತ್ತು. ಹರಿದದ್ದು ನಮ್ಮ ಕಾವೇರಿಯ ನೀರು. ಸ್ವರ್ಗವನ್ನು ತಳದಲ್ಲಿ ಹೊಳೆ ಹರಿಯುವ ತೋಟವಾಗಿ ಕಲ್ಪಿಸಿಕೊಂಡ ಸಮುದಾಯವೊಂದರ ಮಗ, ಎಲ್ಲರೂ ಬಂದು ಕೂರಬಹುದಾದ ತೋಟವೊಂದನ್ನು ನಾಡಿಗೆ ಕೊಟ್ಟದ್ದರಲ್ಲಿ ಒಂದು ಔಚಿತ್ಯವಿದೆ.

ತೋಟದ ಜೊತೆಗೆ ಅನ್ನದ ದಾರಿಯನ್ನೂ ಅವರು ನೋಡಿದರು. ಅಣೆಕಟ್ಟೆಯ ನೀರು ನಾಲೆಯಲ್ಲಿ ಮಂಡ್ಯಕ್ಕೆ ಹರಿದು ಕಬ್ಬು ಬೆಳೆದಾಗ, ಬೆಳೆದ ಕಬ್ಬಿಗೆ ಗಿರಾಕಿ ಇರಬೇಕೆಂದು 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ, ನಮ್ಮ ನೆರೆಯ ಬೆಳಗೊಳದಲ್ಲಿ ರಸಗೊಬ್ಬರ ಕಾರ್ಖಾನೆ, ಬೆಂಗಳೂರಿನಲ್ಲಿ ಪಿಂಗಾಣಿ ಮತ್ತು ವಿದ್ಯುತ್ ದೀಪದ ಕಾರ್ಖಾನೆಗಳು ಅದೇ ದಶಕದಲ್ಲಿ ತಲೆಯೆತ್ತಿದವು. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ಅದನ್ನು ಬೆಂಗಳೂರಿಗೆ ತಂದವರೂ ಇವರೇ. ಹಳ್ಳಿಗಳಿಗೆ ವಿದ್ಯುತ್ ಮುಟ್ಟಿಸುವುದು ಅವರ ಇನ್ನೊಂದು ಹಟವಾಗಿತ್ತು. ಮುಂಜಾನೆ ನಗರ ಸಂಚಾರಕ್ಕೆ ಹೊರಟು ಚರಂಡಿ, ದೀಪದ ಕಂಬ, ಸಾಲುಮರಗಳನ್ನು ತಾವೇ ನೋಡುತ್ತಿದ್ದ ದಿವಾನರೆಂದು ಅವರು ಹೆಸರಾಗಿದ್ದರು. ಚರಂಡಿಯನ್ನು ನೋಡುವುದು ದೊಡ್ಡವರ ಘನತೆಗೆ ಕುಂದು ಎಂದು ಭಾವಿಸುವವರು ಊರು ಕಟ್ಟಲಾರರು.

ಅವರ ಹಾದಿ ಹೂವಿನದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯೊಂದರ ಗಣಪತಿ ವಿಗ್ರಹದ ವಿಚಾರವಾಗಿ ಗಲಭೆಗಳು ನಡೆದಾಗ ದಿವಾನರ ಧರ್ಮವನ್ನೇ ಎತ್ತಿ ಆಡಿದವರಿದ್ದರು. ಆಗ ವಿಚಾರಣೆಯ ಹೊಣೆ ಬಿದ್ದದ್ದು ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಮೇಲೆ. 1938ರ ಏಪ್ರಿಲಿನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಪ್ರಾಣಹಾನಿಯಾದುದು ಅವರ ಆಡಳಿತದ ಕಾಲದಲ್ಲೇ. ಅದನ್ನು ಮರೆಮಾಚಿ ಹೊಗಳುವುದು ಚರಿತ್ರೆಗೆ ಬಗೆಯುವ ದ್ರೋಹ. ಅದಾದ ಮೇಲೆ ಸರ್ದಾರ್ ಪಟೇಲರೊಂದಿಗೆ ಮಾತುಕತೆ ನಡೆದು, ಸಂಸ್ಥಾನದ ಧ್ವಜದೊಡನೆ ರಾಷ್ಟ್ರಧ್ವಜಕ್ಕೂ ಅವಕಾಶ ಕೊಡುವ ಒಪ್ಪಂದವಾಯಿತು. ಹಿರಿಯರನ್ನು ಗೌರವಿಸುವುದೆಂದರೆ ಅವರನ್ನು ದೋಷರಹಿತರೆಂದು ಸಾರುವುದಲ್ಲ. ಅವರ ಒಳಿತನ್ನು ಮುಂದುವರಿಸಿ ಕುಂದುಗಳಿಂದ ಪಾಠ ಕಲಿಯುವುದು.

ಮೈಸೂರನ್ನು ಬಿಟ್ಟ ಮೇಲೆ ಅವರು ಜೈಪುರದ ಪ್ರಧಾನಿಯಾದರು. ಆ ನಗರದ ಮುಖ್ಯ ರಸ್ತೆ ಇಂದಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆ. 1946ರಲ್ಲಿ ಹೈದರಾಬಾದಿಗೆ ಹೋದಾಗ ಭಾರತದೊಡನೆ ಹೊಂದಾಣಿಕೆಯಾಗಬೇಕೆಂಬ ಅವರ ನಿಲುವು ಅಲ್ಲಿನ ಇತ್ತೆಹಾದಿನವರಿಗೆ ಒಪ್ಪಿಗೆಯಾಗಲಿಲ್ಲ. ಮರುವರ್ಷ ಅವರು ರಾಜೀನಾಮೆ ಕೊಟ್ಟು ಹೊರಬಂದರು. ಬೆಂಗಳೂರಿನಲ್ಲಿ ಅವರ ಧರ್ಮವನ್ನು ಕಂಡು ಶಂಕಿಸಿದವರಿದ್ದರು. ಹೈದರಾಬಾದಿನಲ್ಲಿ ಅವರ ಸ್ವಧರ್ಮೀಯರೇ ಶಂಕಿಸಿದರು. ನ್ಯಾಯದ ನಡುದಾರಿಯಲ್ಲಿ ನಡೆಯುವವನಿಗೆ ಎರಡು ಕಡೆಯಿಂದಲೂ ಕಲ್ಲು ಬೀಳುತ್ತದೆ. ಆದರೂ ಅವರು ದಾರಿ ಬದಲಿಸಲಿಲ್ಲ. 1959ರ ಜನವರಿ 5ರಂದು ಅವರು ತೀರಿಕೊಂಡರು.

ಈ ಮೂವರು ಹೆಸರಾದವರು. ಹೆಸರಿಲ್ಲದವರ ಪಾಲೂ ಕಡಿಮೆಯಲ್ಲ. 1897ರ ಬೆಂಕಿಗೆ ಹಳೆಯ ಮರದ ಅರಮನೆ ಆಹುತಿಯಾಗಿ, 1912ರಲ್ಲಿ ಈಗಿನ ಅರಮನೆ ಪೂರ್ಣಗೊಂಡಿತು. ಅದರ ಬಾಗಿಲುಗಳಲ್ಲಿ ಬೀಟೆಮರದೊಳಗೆ ದಂತವನ್ನು ಕೂಡಿಸಿದ ಕುಸುರಿ ಕೆಲಸವನ್ನು ಇಂದಿಗೂ ಜನ ಬೆರಗಿನಿಂದ ನೋಡುತ್ತಾರೆ. ಮೈಸೂರಿನ ಆ ಕಲೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರಲ್ಲಿ ಮಂಡಿ ಮೊಹಲ್ಲಾ ಮೊದಲಾದ ಕಡೆಯ ಮುಸ್ಲಿಮ್ ಕುಶಲಕರ್ಮಿಗಳು ಬಹಳ ಮಂದಿ. ಈಗ ದಂತ ನಿಷಿದ್ಧ. ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನೇ ಕೂಡಿಸಿ ಅವರು ಆನೆ, ನದಿ, ಹಳ್ಳಿಯ ಚಿತ್ರಗಳನ್ನು ಮಾಡುತ್ತಾರೆ. 2005ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಒಂದು ಮರದ ಎದೆ ಕೊರೆದು ಇನ್ನೊಂದು ಮರವನ್ನು ಬಿರುಕು ಕಾಣದಂತೆ ಕೂಡಿಸುವ ಈ ವಿದ್ಯೆಗೂ ನಮ್ಮ ಊರಿನ ಚರಿತ್ರೆಗೂ ಹೋಲಿಕೆಯಿದೆ.

ಹಾಗಾದರೆ ಈ ಬದುಕುಗಳಿಂದ ನಾವು ಏನನ್ನು ಒಯ್ಯಬೇಕು? ಬರಿಯ ಹೆಮ್ಮೆಯನ್ನಲ್ಲ. ಪೂರ್ವಜರ ಹೆಸರು ಹೇಳಿ ಹಕ್ಕು ಕೇಳುವುದು ಸುಲಭ. ಅವರಂತೆ ಹೊಣೆ ಹೊರುವುದು ಕಷ್ಟ. ಊರಿಗೆ ಬಂದವನು ಊರಿನವನಾಗುವುದು ಅಲ್ಲಿ ಏನನ್ನು ಪಡೆದ ಎಂಬುದರಿಂದಲ್ಲ, ಏನನ್ನು ಬಿಟ್ಟುಹೋದ ಎಂಬುದರಿಂದ. ಅಲಿ ಅಸ್ಕರ್ ನಂಬಿಕೆಯನ್ನು, ಇಸ್ಮಾಯಿಲ್ ಸೇಠ್ ಆಸ್ಪತ್ರೆಯನ್ನು, ಮಿರ್ಜಾ ಅವರು ತೋಟವನ್ನೂ ದುಡಿಮೆಯ ದಾರಿಗಳನ್ನೂ ಬಿಟ್ಟುಹೋದರು. ಮೂವರಲ್ಲಿ ಯಾರೂ ತಮ್ಮ ದೀನನ್ನು ಬಿಟ್ಟುಕೊಡಲಿಲ್ಲ. ಯಾರೂ ತಮ್ಮ ಸೇವೆಗೆ ಸಮುದಾಯದ ಬೇಲಿ ಹಾಕಲಿಲ್ಲ.

ಹೂಟಗಳ್ಳಿಯೂ ಈಗ ಬೆಳೆಯುತ್ತಿರುವ ಊರು. ಹೊಲಗದ್ದೆಗಳ ಹಳ್ಳಿಯಾಗಿದ್ದ ಇದು ಕೈಗಾರಿಕೆಗಳ ನೆಲೆಯಾಗಿ, ಬಡಾವಣೆಗಳಾಗಿ ಹರಡಿ, ಕೆಲವೇ ವರ್ಷಗಳ ಹಿಂದೆ ನಗರಸಭೆಯಾಯಿತು. ದುಡಿಮೆಗಾಗಿ ಎಲ್ಲೆಲ್ಲಿಂದಲೋ ಬಂದ ಕುಟುಂಬಗಳು ಇಲ್ಲಿ ಮನೆ ಮಾಡಿವೆ. ಮುಂದಿನ ತಲೆಮಾರು ‘ಆರಂಭದ ನಿವಾಸಿಗಳು’ ಎಂದು ಕರೆಯಲಿರುವುದು ಬೇರೆ ಯಾರನ್ನೂ ಅಲ್ಲ, ಇಂದು ಇಲ್ಲಿರುವ ನಮ್ಮೆಲ್ಲರನ್ನು. ನಮ್ಮ ಜಮಾಅತ್ತುಗಳು ಮಸೀದಿಯ ಮಿನಾರಕ್ಕೆ ಹಣ ಕೂಡಿಸುವಷ್ಟೇ ಆಸ್ಥೆಯಿಂದ ಬೀದಿಯ ಎಲ್ಲ ಮಕ್ಕಳಿಗೂ ತೆರೆದ ವಾಚನಾಲಯಕ್ಕೆ, ಬೇಸಿಗೆಯಲ್ಲಿ ದಾರಿಹೋಕರಿಗೆ ಕುಡಿಯುವ ನೀರಿಗೆ, ರಕ್ತದಾನಕ್ಕೆ, ಕೆರೆಯ ಸ್ವಚ್ಛತೆಗೆ, ಸಾಲುಮರ ನೆಡುವುದಕ್ಕೆ ಮುಂದಾಗಲಿ. ವಾರ್ಡಿನ ಸಭೆಗಳಲ್ಲಿ ನಮ್ಮ ಹಿರಿಯರು, ತಾಯಂದಿರು, ಯುವಕರು ಕೂತು ಚರಂಡಿಯ ಮಾತನ್ನೂ ಆಡಲಿ. ಮನೆಗಳಲ್ಲಿ ಮಕ್ಕಳಿಗೆ ರೂಮಾ ಬಾವಿಯ ಕಥೆಯ ಜೊತೆಗೆ ಘೋಷಾ ಆಸ್ಪತ್ರೆಯ ಕಥೆಯನ್ನೂ ಹೇಳೋಣ. ಆಗ ‘ಈ ಊರು ನಮ್ಮದೂ ಹೌದೇ?’ ಎಂಬ ಪ್ರಶ್ನೆಗೆ ಅವರ ಕೆಲಸವೇ ಉತ್ತರ ಹೇಳುತ್ತದೆ.

ಊರಿಗೆ ಒಳಿತು ಮಾಡಿ ಹೋದ ಎಲ್ಲ ಹಿರಿಯರ ಸತ್ಕರ್ಮಗಳನ್ನು ಅಲ್ಲಾಹನು ಸ್ವೀಕರಿಸಲಿ, ಅವರ ಕುಂದುಗಳನ್ನು ಮನ್ನಿಸಲಿ. ನಾವು ನಡೆದ ದಾರಿಯಲ್ಲಿ ನಮ್ಮ ನಂತರ ಬರುವವರಿಗೆ ನೆರಳಿರುವಂತೆ ಬದುಕುವ ತೌಫೀಕನ್ನು ನಮಗೆಲ್ಲ ಕರುಣಿಸಲಿ. ಆಮೀನ್.