ಕಂಕನಾಡಿಯ ಸಕ್ಕರೆ ಗುಳಿಗೆಗಳು

ನಮ್ಮ ಗುರುವಾಯನಕೆರೆ, ಬೆಳ್ತಂಗಡಿ ಕಡೆಯ ಹಿರಿಯರು ಆ ಆಸ್ಪತ್ರೆಯ ಹೆಸರನ್ನು ಪೂರ್ತಿ ಹೇಳುವುದು ಕಡಿಮೆ. "ಕಂಕನಾಡಿಗೆ ಕೊಂಡುಹೋದರಂತೆ" ಅಂದರೆ ಮುಗಿಯಿತು, ಕಾಯಿಲೆ ಸ್ವಲ್ಪ ಜೋರೇ ಅಂತ ಅರ್ಥ. ಬೋರ್ಡಿನಲ್ಲಿರುವ 'ಫಾದರ್ ಮುಲ್ಲರ್' ಯಾರು ಅಂತ ಕೇಳಿದರೆ ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಮಿಷನ್ ಆಸ್ಪತ್ರೆ ಅಂದ ಕೂಡಲೇ ಪುಸ್ತಕ ಓದುವವರಿಗೆ ನೆನಪಾಗುವುದು ಆಫ್ರಿಕಾದ ಗಾಬೋನಿಗೆ ಹೋದ ಆಲ್ಬರ್ಟ್ ಶ್ವೈಟ್ಜರ್. 1913ರಲ್ಲಿ ಲಾಂಬರೆನೆ ಎಂಬಲ್ಲಿ ಒಂದು ಕೋಳಿಗೂಡನ್ನೇ ದವಾಖಾನೆ ಮಾಡಿಕೊಂಡು ಕೆಲಸ ಶುರುಮಾಡಿದರು. ಅದಕ್ಕಿಂತ 33 ವರ್ಷ ಮೊದಲೇ, 1880ರಲ್ಲಿ, ಮಂಗಳೂರಿನ ಕಂಕನಾಡಿಯಲ್ಲಿ ಒಂದು ಆಲದ ಮರದ ಕೆಳಗೆ ಔಷಧ ಹಂಚಲು ಕುಳಿತವರು ಆಗಸ್ಟಸ್ ಮುಲ್ಲರ್. 1841ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸುಯಿಟ್ ಪಾದ್ರಿಗಳ ತಂಡದಲ್ಲಿ ಇವರೂ ಇದ್ದರು. ಬಂದದ್ದು ಪಾದ್ರಿಯಾಗಿ, ಜೊತೆಗೆ ಹೋಮಿಯೋಪತಿಯೂ ಗೊತ್ತಿತ್ತು.

ಆಗ ನಮ್ಮ ಕಡೆಯಿಂದ ಮಂಗಳೂರು ಅಂದರೆ ಹುಡುಗಾಟವಲ್ಲ ಮಾರಾಯ್ರೆ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಎತ್ತಿನಗಾಡಿ, ಇಲ್ಲವೇ ಬಂಟ್ವಾಳದವರೆಗೆ ಹೋಗಿ ಅಲ್ಲಿಂದ ನೇತ್ರಾವತಿಯಲ್ಲಿ ದೋಣಿ. ರೋಗಿಯನ್ನು ಹಾಗೆ ಸಾಗಿಸುವುದು ಎಷ್ಟು ಕಷ್ಟ ಅಂತ ಊಹಿಸಿ.

ಮುಲ್ಲರ್ ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಹೋಮಿಯೋಪತಿ ಔಷಧಗಳನ್ನು ಅಂಚೆಯ ಮೂಲಕ ದೇಶದ ಮೂಲೆಮೂಲೆಗೆ ಮಾರತೊಡಗಿದರು. ಇಟಲಿಯ ಬೊಲೋನ್ಯಾದ ಕೌಂಟ್ ಮಾತ್ತೇಯಿಯ ಔಷಧಗಳೂ ಅದರಲ್ಲಿದ್ದವು. ಬಂದ ಹಣ ಬಡವರ ಚಿಕಿತ್ಸೆಗೆ. ಈಗಿನ ಭಾಷೆಯಲ್ಲಿ ಇದಕ್ಕೆ ಬಿಸಿನೆಸ್ ಮಾಡೆಲ್ ಅನ್ನುತ್ತಾರೆ :-)

ಇನ್ನು ಹೋಮಿಯೋಪತಿ... ಇಲ್ಲಿ ಕೆಲವರು ನನ್ನ ಮೇಲೆ ಸಿಟ್ಟಾಗಬಹುದು. '30ಸಿ' ಅಂತ ಬರೆದ ಔಷಧ ಅಂದರೆ 1ರ ಮುಂದೆ 60 ಸೊನ್ನೆ ಹಾಕಿದಷ್ಟು ಪಾಲು ತೆಳು ಮಾಡಿದ್ದು. ಪಿಯುಸಿಯಲ್ಲಿ ಓದಿದ ಅವೊಗಾಡ್ರೊ ಸಂಖ್ಯೆಯಲ್ಲಿ ಇರುವುದೇ 24 ಅಂಕೆ. ಹಾಗಾದರೆ ಗುಳಿಗೆಯಲ್ಲಿ ಉಳಿಯುವುದು ಸಕ್ಕರೆ ಮಾತ್ರ. ಆದರೆ ಆ ಕಾಲದ ಪಾಶ್ಚಾತ್ಯ ವೈದ್ಯರು ಪಾದರಸವನ್ನೂ ಔಷಧ ಅಂತ ಕೊಡುತ್ತಿದ್ದರು. ಅದಕ್ಕೆ ಹೋಲಿಸಿದರೆ ಸಕ್ಕರೆ ಗುಳಿಗೆ ಯಾರನ್ನೂ ಕೊಲ್ಲಲಿಲ್ಲ!

ನಿಜವಾದ ಪ್ರಶ್ನೆ ಬರುವುದು ಕುಷ್ಠರೋಗದ ವಿಷಯದಲ್ಲಿ. 1890ರಲ್ಲಿ ಮುಲ್ಲರ್ ಕುಷ್ಠರೋಗಿಗಳಿಗಾಗಿ ಆಶ್ರಯ ತೆರೆದರು. ಹ್ಯಾನ್ಸೆನ್ ಎಂಬ ನಾರ್ವೆಯ ವೈದ್ಯ ಈ ರೋಗದ ಬ್ಯಾಕ್ಟೀರಿಯಾವನ್ನು 1873ರಲ್ಲೇ ಗುರುತಿಸಿದ್ದ. ಆದರೆ ಕೆಲಸ ಮಾಡುವ ಮದ್ದು ಬಂದದ್ದು 1940ರ ದಶಕದಲ್ಲಿ. ಎರಡು ಮೂರು ಔಷಧ ಒಟ್ಟಿಗೆ ಕೊಟ್ಟು ಪೂರ್ತಿ ಗುಣಪಡಿಸುವ ವಿಧಾನ 1980ರ ದಶಕದಲ್ಲಿ. ಅಂದರೆ ಮುಲ್ಲರ್ ಕೈಯಲ್ಲಿ ಈ ರೋಗಕ್ಕೆ ಮದ್ದೇ ಇರಲಿಲ್ಲ. ಕೊಡಲು ಇದ್ದದ್ದು ಸೂರು, ಊಟ, ಹುಣ್ಣು ತೊಳೆಯುವ ಕೈಗಳು. ಊರಲ್ಲಿ 'ಮಹಾರೋಗ' ಅಂತ ಹೊರಗಟ್ಟಿದ ಮನುಷ್ಯನಿಗೆ ಅದರಲ್ಲಿ ಒಂದಾದರೂ ಬೇರೆ ಕಡೆ ಸಿಗುತ್ತಿತ್ತೇ? (ನಮ್ಮ ಕಡೆ ಈಗಲೂ ಕೆಲವರು ತೊನ್ನನ್ನೂ ಇದನ್ನೂ ಒಂದೇ ಅಂದುಕೊಳ್ಳುತ್ತಾರೆ. ತೊನ್ನು ಅಂಟುವುದೇ ಇಲ್ಲ.) ಸರ್ಕಾರದ ದೃಷ್ಟಿ ಹೇಗಿತ್ತೆಂದರೆ, 1898ರಲ್ಲಿ ಅಲೆಯುವ ಬಡ ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕಲು ಕಾನೂನನ್ನೇ ತಂದಿತು. ಸ್ವತಂತ್ರ ಭಾರತದಲ್ಲೂ ವಿಚ್ಛೇದನಕ್ಕೆ ಕುಷ್ಠರೋಗ ಒಂದು ಕಾರಣವಾಗಿ 2019ರವರೆಗೆ ಕಾನೂನಿನಲ್ಲಿತ್ತು, ಗೊತ್ತಾ?

ಮತಾಂತರದ ಮಾತು ಬರದೇ ಇರುವುದಿಲ್ಲ. ಪಾದ್ರಿಗಳು ಬಂದದ್ದೇ ತಮ್ಮ ಧರ್ಮದ ಕೆಲಸಕ್ಕೆ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಆದರೆ ನಮ್ಮ ಕಡೆಯಿಂದ ಕಂಕನಾಡಿಗೆ ಹೋದ ಹಿಂದೂ, ಜೈನ, ಮುಸ್ಲಿಂ ಮನೆಗಳವರು ಹಾಗೆಯೇ ಮರಳಿ ಬಂದಿದ್ದಾರೆ. ಅಲ್ಲಿಗೆ ಆ ವಾದ ನನ್ನ ಮಟ್ಟಿಗೆ ಮುಗಿಯಿತು.

ಮುಲ್ಲರ್ 1910ರ ನವೆಂಬರ್ 1ರಂದು ತೀರಿಕೊಂಡರು. ಆಮೇಲೆ ಬಾಸೆಲ್ ಮಿಷನ್ ಕಡೆಯಿಂದ ಉಡುಪಿಗೆ ಬಂದ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಅಲ್ಲೊಂದು ಆಸ್ಪತ್ರೆ ಶುರುಮಾಡಿದರು. ಅವರದ್ದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುತ್ತೇನೆ. ಕಂಕನಾಡಿಯಲ್ಲಿ ಕಾಲಕ್ರಮೇಣ ಅಲೋಪತಿಯೇ ಮುಖ್ಯವಾಯಿತು. 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ಎಂಬಿಬಿಎಸ್ ಕಾಲೇಜು ಬಂದವು. ಈಗ ನಮ್ಮ ದಾರಿಯಲ್ಲೇ, ಬಿ.ಸಿ.ರೋಡ್ ದಾಟಿದ ಮೇಲೆ ತುಂಬೆಯಲ್ಲಿ ಅವರದೇ ಇನ್ನೊಂದು ಆಸ್ಪತ್ರೆ ಇದೆ. ಸಕ್ಕರೆ ಗುಳಿಗೆ ತಯಾರಿಸುವ ವಿಭಾಗವೂ ನಿಂತಿಲ್ಲ, ದೇರಳಕಟ್ಟೆಯಲ್ಲಿ ನಡೆಯುತ್ತಿದೆ.