ಮಧುಮೇಹ ಮತ್ತು ಖಿನ್ನತೆ: ಕಾರ್ಯಕಾರಣ ವಿಚಾರ

ಮಧುಮೇಹಿಯ ಮೂತ್ರವು ಜೇನಿನಂತೆ ಸಿಹಿಯಾಗಿರುವುದನ್ನು ಐರೋಪ್ಯ ವೈದ್ಯರಿಗೆ ತಿಳಿಯಪಡಿಸಿದ 17ನೆಯ ಶತಮಾನದ ಆಂಗ್ಲ ವೈದ್ಯ ಥಾಮಸ್ ವಿಲ್ಲಿಸ್, ಆ ವ್ಯಾಧಿಯ ಕಾರಣಗಳಲ್ಲಿ ದೀರ್ಘಕಾಲದ ದುಃಖವನ್ನೂ ಸೇರಿಸಿದ್ದನು. ಮೂತ್ರಮಾಧುರ್ಯವು ಅವನಿಗಿಂತ ಬಹು ಶತಮಾನಗಳ ಮುಂಚೆಯೇ ನಮ್ಮ ಆಯುರ್ವೇದಾಚಾರ್ಯರಿಗೆ ವಿದಿತವಾಗಿದ್ದಿತು. ರೋಗವನ್ನು ವರ್ಧಿಸುವ ಸಂಗತಿಗಳಲ್ಲಿ ಚರಕಸಂಹಿತೆಯು ವಿಷಾದಕ್ಕೇ ಅಗ್ರಸ್ಥಾನವನ್ನು ಕೊಟ್ಟಿದೆ. ದುಃಖವು ವ್ಯಾಧಿಗೆ ಮೂಲವೋ, ವ್ಯಾಧಿಯ ಫಲವೋ, ಅಥವಾ ಎರಡೂ ಹೌದೋ ಎಂಬುದನ್ನು ಅಂಕಿಗಳಿಂದ ನಿರ್ಣಯಿಸುವ ಯತ್ನವಾದರೋ ತೀರ ಈಚಿನದು.

2001ರಲ್ಲಿ ಆ್ಯಂಡರ್ಸನ್, ಲಸ್ಟ್‌ಮನ್ ಮೊದಲಾದವರು 42 ಅಧ್ಯಯನಗಳನ್ನು ಒಟ್ಟುಗೂಡಿಸಿ, ಮಧುಮೇಹಿಗಳಲ್ಲಿ ಖಿನ್ನತೆಯ ಸಂಭವವು ಇತರರಿಗಿಂತ ಸುಮಾರು ಇಮ್ಮಡಿಯೆಂದು ತೋರಿಸಿದರು. 2008ರಲ್ಲಿ ಮೆಜುಕ್ ಮತ್ತು ಸಹಕಾರಿಗಳು ಗಣಿಸಿದಂತೆ, ಖಿನ್ನರಾದವರಿಗೆ ಮುಂದೆ ಮಧುಮೇಹ ಬರುವ ಅಪಾಯವು ಶೇ. 60ರಷ್ಟು ಹೆಚ್ಚು, ಮಧುಮೇಹಿಗಳಿಗೆ ಖಿನ್ನತೆ ಬರುವ ಅಪಾಯದ ಹೆಚ್ಚಳವಾದರೋ ಶೇ. 15 ಮಾತ್ರ. ಮೊದಲನೆಯದಕ್ಕೆ ಶಾರೀರಕ ಸಮಾಧಾನವುಂಟು: ಮನಃಕ್ಲೇಶದಲ್ಲಿ ಹೆಚ್ಚಾಗಿ ಸ್ರವಿಸುವ ಕಾರ್ಟಿಸಾಲ್ ಯಕೃತ್ತಿನಿಂದ ಸಕ್ಕರೆಯನ್ನು ಹೊರಡಿಸಿ ಇನ್ಸುಲಿನ್ನಿನ ಪ್ರಭಾವವನ್ನು ಕುಗ್ಗಿಸುತ್ತದೆ, ನಡಿಗೆ ನಿಲ್ಲುತ್ತದೆ, ಊಟದ ಹೊತ್ತು ತಪ್ಪುತ್ತದೆ.

ಎರಡನೆಯ ದಿಕ್ಕಿನ ವಿಚಾರವೇ ನನಗೆ ಹೆಚ್ಚು ಕುತೂಹಲಕರವಾಗಿ ಕಾಣುತ್ತದೆ. ಅದೇ 2008ರಲ್ಲಿ ಅಮೆರಿಕದ ಬಹುಜನಾಂಗೀಯ ಅಧ್ಯಯನವೊಂದನ್ನು ಆಧರಿಸಿ ಗೋಲ್ಡನ್ ಮತ್ತಿತರರು ಪ್ರಕಟಿಸಿದ ಲೇಖನದಲ್ಲಿ, ಚಿಕಿತ್ಸೆ ಪಡೆಯುತ್ತಿದ್ದ ಮಧುಮೇಹಿಗಳಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ತಲೆದೋರಿದುವಾದರೂ, ವ್ಯಾಧಿಯಿದ್ದೂ ಚಿಕಿತ್ಸೆಗೆ ಒಳಪಡದಿದ್ದವರಲ್ಲಿ ಅಂಥ ಏರಿಕೆಯು ಕಾಣಲಿಲ್ಲ. ಚಿಕಿತ್ಸೆ ಪಡೆಯುವವರ ವ್ಯಾಧಿ ಹಳೆಯದೂ ತೀವ್ರವೂ ಆಗಿರಬಹುದೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೂ ವಿಷಾದಕ್ಕೆ ರಕ್ತದ ಸಕ್ಕರೆಗಿಂತಲೂ, ತನಗೆ ಸಕ್ಕರೆ ಕಾಯಿಲೆಯಿದೆಯೆಂಬ ಅರಿವೂ, ದಿನದಿನದ ಪಥ್ಯ, ಮಾತ್ರೆ, ಸೂಜಿಗಳ ನಿರ್ಬಂಧವೂ ಹೆಚ್ಚಿನ ಕಾರಣವಾಗಿರಬೇಕೆಂದು ನಾನು ಭಾವಿಸುತ್ತೇನೆ.

ನಮ್ಮ ಚಿಕಿತ್ಸಾಲಯಗಳಲ್ಲಿ ಇದು ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ರಕ್ತ ಕೊಟ್ಟು, ತಿಂಡಿಯಾದ ಎರಡು ಗಂಟೆಗೆ ಮತ್ತೊಮ್ಮೆ ಕೊಟ್ಟು, ಚೀಟಿ ಹಿಡಿದು ಸರದಿ ಕಾದ ಗೃಹಿಣಿಯು "ಕೈಕಾಲಲ್ಲಿ ಶಕ್ತಿಯೇ ಇಲ್ಲ ಡಾಕ್ಟ್ರೇ, ರಾತ್ರಿ ನಿದ್ದೆ ಹತ್ತೋದಿಲ್ಲ, ಊಟ ಸೇರೋದಿಲ್ಲ" ಎಂದರೆ, ವೈದ್ಯರು ಚೀಟಿಯ ಅಂಕಿಯನ್ನು ನೋಡಿ "ಶುಗರ್ ಜಾಸ್ತಿಯಾಗಿದೆಯಮ್ಮ" ಎಂದು ಮಾತ್ರೆಯನ್ನು ಏರಿಸುತ್ತಾರೆ. ಅವರನ್ನು ದೂಷಿಸಲಾಗದು. ಖಿನ್ನತೆಯನ್ನು ಅಳೆಯಲು ಬಳಸುವ ಪ್ರಸಿದ್ಧವಾದ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿಯೇ ನಿದ್ರೆ, ಆಯಾಸ, ಹಸಿವುಗಳ ಪ್ರಶ್ನೆಗಳು ಎರಡೂ ವ್ಯಾಧಿಗಳಿಗೆ ಸಮಾನವಾಗಿ ಸಲ್ಲುತ್ತವೆ. ಹಿಂದೆ ಸಂತೋಷ ಕೊಡುತ್ತಿದ್ದ ಕೆಲಸಗಳಲ್ಲಿ ಈಗ ಆಸಕ್ತಿಯಿದೆಯೆ ಎಂಬ ಪ್ರಶ್ನೆಯೇ ಹೆಚ್ಚು ಭೇದಕವಾದುದು, ಅದನ್ನೇ ಯಾರೂ ಕೇಳುವುದಿಲ್ಲ.

ಔಷಧವೊಂದರಿಂದಲೇ ಉಭಯವೂ ಶಮನವಾದೀತೆಂಬ ನಿರೀಕ್ಷೆಯೂ ನಿರಪಾಯವಾದುದಲ್ಲ. 1997ರಲ್ಲಿ ಲಸ್ಟ್‌ಮನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ ನಾರ್ಟ್ರಿಪ್ಟಿಲೀನ್ ಖಿನ್ನತೆಯನ್ನು ತಗ್ಗಿಸಿತಾದರೂ ಸಕ್ಕರೆಯ ನಿಯಂತ್ರಣವನ್ನು ಕೆಡಿಸಿತು. ಭಾರತದಲ್ಲಿ ಬೆಂಗಳೂರು, ಚೆನ್ನೈ, ದೆಹಲಿ, ವಿಶಾಖಪಟ್ಟಣಗಳ ಚಿಕಿತ್ಸಾಲಯಗಳಲ್ಲಿ 404 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವು ಬೇರೊಂದು ಮಾರ್ಗವನ್ನು ಹಿಡಿಯಿತು: ವೈದ್ಯರಲ್ಲದ, ತರಬೇತಿ ಪಡೆದ ಸಂಯೋಜಕರು ರೋಗಿಯ ಮನಸ್ಸನ್ನೂ ಸಕ್ಕರೆಯನ್ನೂ ಒಟ್ಟಿಗೆ ವಿಚಾರಿಸುತ್ತ ಬಂದರು, ತಜ್ಞರು ಅವರ ವರದಿಗಳನ್ನು ಪರಿಶೀಲಿಸಿ ಸಲಹೆಯಿತ್ತರು. ಖಿನ್ನತೆ ಅರ್ಧಕ್ಕಿಳಿದು, ಅದರೊಡನೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು 24 ತಿಂಗಳ ಅನಂತರ ಈ ಗುಂಪಿನಲ್ಲಿ ಶೇ. 71.6, ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ ಶೇ. 57.4. ಈ ಎರಡನೆಯ ಅಂಕಿಯೂ ಅಲ್ಪವೇನಲ್ಲ; ವಿಶೇಷ ಉಪಚಾರ ದೊರೆಯದಿದ್ದರೂ, ಪ್ರಯೋಗದ ನಿಮಿತ್ತವಾಗಿ ಒಬ್ಬರು ಎದುರು ಕುಳಿತು ಮನಸ್ಸಿನ ಸ್ಥಿತಿಯನ್ನು ಕೇಳಿದ್ದೇ ಅವರಲ್ಲಿ ಕೆಲವರಿಗೆ ಉಪಕಾರಕವಾಯಿತೆ ಎಂಬ ಊಹೆಗೆ ಇಲ್ಲಿ ಎಡೆಯಿದೆ.