ಪದದ ಕಥೆ – 6: ವಿಧವೆ

‘ವಿ’ ಅಂದ್ರೆ ಇಲ್ಲದ, ‘ಧವ’ ಅಂದ್ರೆ ಗಂಡ, ಸೇರಿದ್ರೆ ವಿಧವೆ. ನೀವೂ ಹೀಗೇ ಓದಿರ್ತೀರಿ ಅಲ್ವಾ? ಭಾಷಾತಜ್ಞರು ಹೇಳೋದು ಉಲ್ಟಾ. ಋಗ್ವೇದದಲ್ಲೇ ಇರುವ ‘ವಿಧವಾ’, ಲ್ಯಾಟಿನ್‌ನ ‘ವಿದುವಾ’, ಇಂಗ್ಲಿಷಿನ ‘ವಿಡೋ’ ಮೂರೂ ಒಂದೇ ಬೇರಿನವು. ಆ ಬೇರಿನ ಅರ್ಥ ‘ಬೇರ್ಪಡು’. ಪದ ಒಡೆದು ‘ಧವ’ ಮಾಡಿಕೊಂಡದ್ದು ಆಮೇಲೆ. ಅಂದ್ರೆ ಮೂಲದಲ್ಲಿ ಗಂಡನ ಹೆಸರೇ ಇಲ್ಲ!

ನಮ್ಮ ಕನ್ನಡದ ‘ಮುಂಡೆ’, ‘ಬೋಳಿ’? ಎರಡೂ ತಲೆ ಬೋಳಿಸಿದವಳು ಅಂತ. ಗಂಡ ಸತ್ತವಳ ಕೂದಲು ತೆಗೆಸುತ್ತಿದ್ದ ಕಾಲದ ಗುರುತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿ, ಗೊತ್ತಾಗುತ್ತೆ. ಮರುಮದುವೆಗೆ 1856ರಲ್ಲೇ ಕಾನೂನು ಬಂತು. ಬೈಗುಳ ಮಾತ್ರ ಹೋಗಲಿಲ್ಲ.

ಕ್ಯಾಂಟೀನಲ್ಲಿ ನಗ್ತಾ ‘ಬೋಳಿಮಗನೇ’ ಅಂತೀವಲ್ಲ, ಅದು ತಾಗೋದು ಗೆಳೆಯನಿಗಲ್ಲ, ಅವನ ಅಮ್ಮನಿಗೆ. ಅಪ್ಪ ಹೋದ ಮೇಲೆ ನಾನು ಆ ಮಾತು ಬಿಟ್ಟೆ. ನೀವು?